ನ್ಯಾರೋಬೋಟ್ ಎಂದರೆ ಹೌಸ್‌ಬೋಟ್ ಅಲ್ಲ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಪ್ರವಾಸದ ಪುಟದಲ್ಲಿ ಬ್ರಿಟನ್ನಿನ ಕಾಲುವೆಗಳಲ್ಲಿ ಬೇಸಿಗೆಯ ದೋಣಿ ವಿಹಾರದ ಬಗ್ಗೆ ಇತ್ತೀಚೆಗೆ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಬರಹದುದ್ದಕ್ಕೂ, ಅಲ್ಲಿನವರು ನ್ಯಾರೋಬೋಟ್ (ಕಿರಿದಾದ ದೋಣಿ) ಎನ್ನುವ ಆ ದೋಣಿಯನ್ನು ‘ಇಂಗ್ಲೆಂಡಿನ ಹೌಸ್‌ಬೋಟ್’ ಎಂದೇ ಕರೆಯಲಾಗಿದೆ. ಕೊನೆಯಲ್ಲಿ, ನಮ್ಮ ಮಂಡ್ಯದ ನಾಲೆಗಳಲ್ಲಿಯೂ ಇಂಥದೇ ವಿಹಾರವನ್ನು ಏಕೆ ಆರಂಭಿಸಬಾರದು ಎಂದು ಕೇಳಲಾಗಿದೆ. ಈ ಎರಡೂ ಮಾತುಗಳು ಓದುಗರನ್ನು ದಾರಿ ತಪ್ಪಿಸುತ್ತವೆ ಎಂದು ನನಗೆ ಅನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಅದರಲ್ಲಿ ಬಹುಪಾಲು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆಯೇ, ಕೆಲಸ ಮಾಡಿ ನಿವೃತ್ತನಾದವನು. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ಮ್ಯಾಂಚೆಸ್ಟರಿನ ಮಗಳ ಮನೆಗೆ ಹೋಗಿದ್ದಾಗ ಅವಳು, ಅಳಿಯ, ಹನ್ನೊಂದು ವರ್ಷದ ಮೊಮ್ಮಗ, ನನ್ನ ಹೆಂಡತಿ ಮತ್ತು ನಾನು ಇಂಥದೊಂದು ದೋಣಿಯನ್ನು ಬಾಡಿಗೆಗೆ ಹಿಡಿದು, ಇಂಗ್ಲೆಂಡಿನಿಂದ ವೇಲ್ಸಿನ ಲ್ಯಾಂಗೊಲೆನ್ ಊರಿಗೆ ಹೋಗುವ ಲ್ಯಾಂಗೊಲೆನ್ ಕಾಲುವೆಯಲ್ಲಿ ಏಳು ರಾತ್ರಿ ಕಳೆದೆವು. (ಆ ಊರಿನ ಹೆಸರನ್ನು ವೇಲ್ಸಿನವರು ಉಚ್ಚರಿಸುವ ರೀತಿಯನ್ನು ಬರೆದು ತೋರಿಸುವುದು ನಮ್ಮ ನಲವತ್ತೊಂಬತ್ತು ಅಕ್ಷರಗಳಿಂದಲೂ ಆಗದ ಕೆಲಸ, ಇಂಗ್ಲಿಷರು ಹೇಳುವ ಹಾಗೆಯೇ ಬರೆಯುತ್ತೇನೆ.)

ಹೌಸ್‌ಬೋಟ್ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಆಲಪ್ಪುಳದ ಕೆಟ್ಟುವಳ್ಳಂ. ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತರೆ ದೋಣಿ ನಡೆಸಲು ಒಬ್ಬ, ಅಡುಗೆಗೆ ಒಬ್ಬ, ಊಟದ ಹೊತ್ತಿಗೆ ಕರಿಮೀನು. ನ್ಯಾರೋಬೋಟಿನಲ್ಲಿ ಇವರು ಯಾರೂ ಇರುವುದಿಲ್ಲ. ಬಾಡಿಗೆಗೆ ಕೊಟ್ಟವರು ಒಂದು ಗಂಟೆ ಪಾಠ ಹೇಳಿ, ಮೊದಲ ತಿರುವಿನ ತನಕ ಜೊತೆಗೆ ಬಂದು, ದಡಕ್ಕೆ ಇಳಿದು ಕೈ ಬೀಸಿದರೆಂದರೆ, ಹದಿನೈದು ಟನ್ನಿಗೂ ಮಿಕ್ಕಿದ ಉಕ್ಕಿನ ದೋಣಿಯೊಂದು ನಿಮ್ಮ ಪಾಲಿಗೆ ಬಂದಿತು ಎಂದೇ ಅರ್ಥ. ಅದಕ್ಕೆ ಲೈಸೆನ್ಸು ಬೇಕಿಲ್ಲ. ದೋಣಿ ನಡೆಸುವವರು, ಲಾಕಿನ (ದೋಣಿಯನ್ನು ಏರಿಸಿ ಇಳಿಸುವ ನೀರಿನ ಕೋಣೆಯ) ಬಾಗಿಲು ತಳ್ಳುವವರು, ದಡದಲ್ಲಿ ಗೂಟ ಹೊಡೆದು ಹಗ್ಗ ಕಟ್ಟುವವರು, ಕುಡಿಯುವ ನೀರಿನ ತೊಟ್ಟಿ ತುಂಬಿಸುವವರು, ಪ್ರೊಪೆಲರಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಚೀಲವನ್ನು ಕೈ ಹಾಕಿ ಬಿಡಿಸುವವರು, ಎಲ್ಲರೂ ನೀವೇ. ಹೌಸ್‌ಬೋಟಿನ ಆರಾಮವನ್ನು ನಿರೀಕ್ಷಿಸಿ ಹೋದವರು ಎರಡನೆಯ ದಿನವೇ ಮುಖ ಸಿಂಡರಿಸುತ್ತಾರೆ. ಕೆಲಸವೆಂದು ತಿಳಿದು ಹೋದವರಿಗೆ ಅದೇ ಕೆಲಸ ಆಟವಾಗುತ್ತದೆ. ನನ್ನ ತಕರಾರು ಬರೀ ಒಂದು ಪದದ ಬಗ್ಗೆ ಅಲ್ಲವೆಂಬುದು ಇಷ್ಟರಿಂದ ತಿಳಿಯಬಹುದು.

ದೋಣಿಯ ಹೆಸರಿನಲ್ಲಿಯೇ ಅದರ ಲಕ್ಷಣವಿದೆ. ನಮ್ಮದು 58 ಅಡಿ ಉದ್ದ, 6 ಅಡಿ 10 ಅಂಗುಲ ಅಗಲ. ಒಳಗೆ ಅಡುಗೆಮನೆ, ಮಂಚಗಳು, ಸ್ನಾನದ ಕೋಣೆ ಎಲ್ಲವೂ ರೈಲಿನ ಬೋಗಿಯಂತೆ ಒಂದರ ಹಿಂದೊಂದು ಇರುತ್ತವೆ. ಎದುರಿಗೆ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಇಷ್ಟು ಇಕ್ಕಟ್ಟೇಕೆಂದರೆ ಅದಕ್ಕೆ ಹದಿನೆಂಟನೆಯ ಶತಮಾನದ ಲೆಕ್ಕಾಚಾರವೇ ಕಾರಣ. 1761ರಲ್ಲಿ ಬ್ರಿಡ್ಜ್‌ವಾಟರ್ ಡ್ಯೂಕನ ಕಾಲುವೆ ವರ್ಸ್ಲಿಯ ಗಣಿಗಳಿಂದ ಕಲ್ಲಿದ್ದಲು ತರಲು ಆರಂಭಿಸಿ, ಮ್ಯಾಂಚೆಸ್ಟರಿನಲ್ಲಿ ಅದರ ಬೆಲೆಯನ್ನು ಸುಮಾರು ಅರ್ಧಕ್ಕೆ ಇಳಿಸಿದ ಮೇಲೆ ದೇಶದ ತುಂಬ ಕಾಲುವೆ ತೋಡುವ ಹುಚ್ಚು ಹಿಡಿಯಿತು. ಆ ಕಾಲುವೆಯ ಕೆಲಸದಲ್ಲಿದ್ದ ಜೇಮ್ಸ್ ಬ್ರಿಂಡ್ಲಿಯೇ 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ಕಾಲುವೆಯನ್ನು ಕೈಗೆತ್ತಿಕೊಂಡಾಗ, ಅಗಲವಾದ ಸುರಂಗ ಕೊರೆಯುವ ಖರ್ಚನ್ನೂ ಲಾಕುಗಳಿಗೆ ಬೇಕಾಗುವ ನೀರನ್ನೂ ಲೆಕ್ಕ ಹಾಕಿ, ಲಾಕುಗಳ ಅಗಲವನ್ನು ಏಳು ಅಡಿಯ ಆಸುಪಾಸಿಗೆ ಇಳಿಸಿದ. ಮಧ್ಯ ಇಂಗ್ಲೆಂಡಿನ ಕಾಲುವೆಗಳು ಅದೇ ಅಳತೆಯನ್ನು ಹಿಡಿದವು, ದೋಣಿಗಳು ಆ ಅಳತೆಗೆ ತಕ್ಕಂತೆ ಸೊರಗಿದವು. ಇಂಥ ದೋಣಿಯಲ್ಲಿ ಇಪ್ಪತ್ತೈದು ಟನ್ ಸರಕನ್ನು ಒಂದೇ ಕುದುರೆ ಏರಿಯ ಮೇಲೆ ನಡೆಯುತ್ತ ಎಳೆಯುತ್ತಿತ್ತು. ಕುದುರೆ ಹೋಗಿ ಡೀಸೆಲ್ ಇಂಜಿನ್ ಬಂದಿದೆ, ಕಲ್ಲಿದ್ದಲಿನ ಜಾಗದಲ್ಲಿ ಮಂಚ ಬಂದಿದೆ. ಅಗಲ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ.

ದೋಣಿಯನ್ನು ತಿರುಗಿಸುವ ಹಿಡಿಗೆ ಅಲ್ಲಿ ಟಿಲ್ಲರ್ ಎನ್ನುತ್ತಾರೆ. ಮಂಡ್ಯದಲ್ಲಿ ಟಿಲ್ಲರ್ ಎಂದರೆ ಗದ್ದೆ ಉಳುವ ಯಂತ್ರ, ಆದ್ದರಿಂದ ಮಗಳು ಫೋನಿನಲ್ಲಿ ‘ಅಪ್ಪ, ನೀವು ಟಿಲ್ಲರ್ ಹಿಡಿಯಬೇಕು’ ಎಂದಾಗ ನನಗೆ ಒಂದು ಕ್ಷಣ ಅರ್ಥವೇ ಆಗಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹಗ್ಗ ಎಳೆದ ಕಡೆಗೆ ಗಾಡಿ ಹೊರಳುತ್ತದೆ. ಇಲ್ಲಿ ಹಿಡಿಯನ್ನು ಎಡಕ್ಕೆ ಒತ್ತಿದರೆ ಮೂತಿ ಬಲಕ್ಕೆ ಹೋಗುತ್ತದೆ, ಅದೂ ತಕ್ಷಣವಲ್ಲ, ನೀವು ಒತ್ತಿದ್ದು ಸಾಲದೇನೋ ಎಂದು ಇನ್ನಷ್ಟು ಒತ್ತಿ ತಪ್ಪು ಮಾಡುವಷ್ಟು ಹೊತ್ತು ಕಳೆದ ಮೇಲೆ. ಬ್ರೇಕ್ ಇಲ್ಲ, ನಿಲ್ಲಿಸಬೇಕಾದರೆ ಇಂಜಿನ್ನನ್ನು ಹಿಂದಕ್ಕೆ ಓಡಿಸಬೇಕು, ಆಗ ಚುಕ್ಕಾಣಿ ಮಾತು ಕೇಳುವುದಿಲ್ಲ. ಆ ದೇಶದ ರಸ್ತೆಯಲ್ಲಿ ಎಡಕ್ಕೆ ಹೋಗುವವರು ಕಾಲುವೆಯಲ್ಲಿ ಎದುರು ದೋಣಿ ಬಂದರೆ ಬಲಕ್ಕೆ ಸರಿಯುತ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ, ಎಂದರೆ ಆರೂವರೆ ಕಿಲೋಮೀಟರಿಗಿಂತ ಕಡಿಮೆ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕೂ ಇಳಿಸಬೇಕು. ಜೋರಾಗಿ ಹೋದರೆ ಹಿಂದೆ ಏಳುವ ಅಲೆ ದಡದ ಮಣ್ಣನ್ನು ನೆಕ್ಕುತ್ತದೆ. ಏರಿ ಕುಸಿದ ರಾತ್ರಿಗಳಲ್ಲಿ ಮರಳಿನ ಚೀಲ ಹೊರಿಸಿಕೊಂಡು ಓಡಾಡಿದ ನನಗೆ ಈ ನಿಯಮವನ್ನು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ.

ಇನ್ನು ಲಾಕ್. ಅದನ್ನು ನೀರಿನ ಮೆಟ್ಟಿಲು ಎಂದರೆ ನಮ್ಮವರಿಗೆ ತಿಳಿದೀತು. ಏರುದಾರಿಯಲ್ಲಿ ಹೋಗುವಾಗ, ಖಾಲಿಯಾಗಿರುವ ಕಲ್ಲಿನ ಕೋಣೆಯೊಳಕ್ಕೆ ಕೆಳಗಿನ ಬಾಗಿಲಿನಿಂದ ದೋಣಿಯನ್ನು ತೂರಿಸಬೇಕು. ಎರಡೂ ಪಕ್ಕಗಳಲ್ಲಿ ಉಳಿಯುವ ಜಾಗ ನಮ್ಮ ಅಂಗೈಯಷ್ಟು. ಪಾಚಿ ಹಿಡಿದ ತಣ್ಣನೆಯ ಗೋಡೆಗಳು ತಲೆಯ ಮೇಲಕ್ಕೆ ಎದ್ದು ನಿಲ್ಲುತ್ತವೆ, ಮೇಲಿನ ಬಾಗಿಲಿನ ಸಂದುಗಳಿಂದ ನೀರು ಚಿಮ್ಮುತ್ತಿರುತ್ತದೆ, ಆಕಾಶ ಒಂದು ಪಟ್ಟಿಯಾಗುತ್ತದೆ. ದಡದಲ್ಲಿರುವವರು ಕೆಳಗಿನ ಜೋಡಿ ಬಾಗಿಲು ಮುಚ್ಚಿ, ವಿಂಡ್ಲಾಸ್ ಎಂಬ ಕಬ್ಬಿಣದ ಹಿಡಿಕೆಯಿಂದ ಮೇಲಿನ ತೂಬಿನ ಹಲಗೆಯನ್ನು ಹಲ್ಲು ಹಲ್ಲಾಗಿ ಎತ್ತುತ್ತಾರೆ. ನಮ್ಮ ನೀರುಗಂಟಿಗಳ ಕೈಯಲ್ಲಿ ತೂಬಿನ ಗೇಟು ಎತ್ತುವ ಹಿಡಿಕೆ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಜಾತಿ. ನೀರು ದೋಣಿಯ ಹೊಟ್ಟೆಯ ಕೆಳಗಿನಿಂದ ಉಕ್ಕಿ ಬರುತ್ತದೆ, ದೋಣಿ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಜಗ್ಗುತ್ತದೆ, ಗೋಡೆ ತಾನೇ ಕೆಳಕ್ಕೆ ಇಳಿಯುತ್ತಿರುವಂತೆ ಕಾಣುತ್ತದೆ, ಕೊನೆಗೆ ಹಸು ಮೇಯುತ್ತಿರುವ ಹುಲ್ಲುಗಾವಲು ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬಾಗಿಲಿನ ಎರಡೂ ಕಡೆ ನೀರು ಸಮವಾಗುವ ತನಕ ಆ ಓಕ್ ಮರದ ಬಾಗಿಲನ್ನು ಹತ್ತು ಜನ ತಳ್ಳಿದರೂ ಅಲುಗದು. ಸಮವಾದ ಮೇಲೆ, ಮೊಮ್ಮಗ ತೊಲೆಗೆ ಬೆನ್ನು ಕೊಟ್ಟು ಕಾಲು ಊರಿದರೆ ಸಾಕು, ಎರಡು ಕ್ಷಣ ಯೋಚಿಸಿದಂತೆ ಮಾಡಿ ತೆರೆದುಕೊಳ್ಳುತ್ತದೆ. ನೀರಿನ ಒತ್ತಡವನ್ನು ಕುರಿತು ನಾನು ಅವನಿಗೆ ಮನೆಯಲ್ಲಿ ಹೇಳಿದ್ದ ಪಾಠವೆಲ್ಲ ವ್ಯರ್ಥವಾಗಿತ್ತು; ಈ ಎರಡು ಕ್ಷಣದಲ್ಲಿ ಅದು ಅವನ ಬೆನ್ನಿಗೆ ತಿಳಿಯಿತು.

ಇಳಿದಾರಿಯಲ್ಲಿ ಒಂದು ಅಪಾಯವಿದೆ, ನಿಮ್ಮ ಬರಹದಲ್ಲಿ ಅದರ ಸುಳಿವೇ ಇರಲಿಲ್ಲ. ಮೇಲಿನ ಬಾಗಿಲಿನ ಬುಡದಲ್ಲಿ ಒಂದು ಕಟ್ಟೆ ಒಳಕ್ಕೆ ಚಾಚಿಕೊಂಡಿರುತ್ತದೆ. ಲಾಕ್ ತುಂಬಿರುವಾಗ ಅದು ಕಾಣುವುದಿಲ್ಲ. ದೋಣಿಯ ಹಿಂಭಾಗ ಆ ಕಟ್ಟೆಯ ಮೇಲೆಯೇ ಉಳಿದುಬಿಟ್ಟರೆ, ನೀರು ಇಳಿದಂತೆ ಮುಂಭಾಗ ಕೆಳಕ್ಕೆ ಹೋಗಿ ಹಿಂಭಾಗ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ದೋಣಿ ಮುಳುಗುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಲಾಕಿನ ಅಂಚಿನಲ್ಲಿ ಬಳಿದಿರುವ ಬಿಳಿ ಗೆರೆಯಿಂದ ಮುಂದಕ್ಕೆ ದೋಣಿಯನ್ನು ಹಿಡಿದಿರುವುದೇ ಇದಕ್ಕಿರುವ ಉಪಾಯ. ಇಳಿಯುವಾಗ ನಾನು ಆ ಗೆರೆಯ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ, ಯಾರೂ ನನ್ನನ್ನು ಮಾತನಾಡಿಸಕೂಡದು ಎಂದು ಮೊದಲೇ ಹೇಳಿಬಿಟ್ಟಿದ್ದೆ.

ಅತಿ ಜಾಗರೂಕನೆಂದು ಮೆರೆದ ನನ್ನಿಂದಲೇ ಅನಾಹುತವೂ ಆಯಿತು. ಎರಡನೆಯ ಲಾಕಿನಲ್ಲಿ ವಿಂಡ್ಲಾಸನ್ನು ಬಾಗಿಲಿನ ತೊಲೆಯ ಮೇಲಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದಾಗ, ಅಳಿಯ ಬಾಗಿಲು ತಳ್ಳಿದ, ಹಿಡಿಕೆ ಜಾರಿ ಗುಳುಂ ಎಂದಿತು. ನಮಗೆ ಕೊಟ್ಟಿದ್ದುದು ಎರಡೇ. ಪಕ್ಕದಲ್ಲಿ ದೋಣಿ ಕಟ್ಟಿಕೊಂಡಿದ್ದ ವೃದ್ಧರೊಬ್ಬರು ಇದನ್ನು ನೋಡಿ, ಏನೂ ಮಾತನಾಡದೆ ಒಳಗೆ ಹೋಗಿ, ಹಗ್ಗಕ್ಕೆ ಕಟ್ಟಿದ ದೊಡ್ಡ ಅಯಸ್ಕಾಂತವೊಂದನ್ನು ತಂದರು. ಕಾಲುವೆಯಲ್ಲಿ ಬದುಕುವವರ ಬಳಿ ಇದು ಇದ್ದೇ ಇರುತ್ತದಂತೆ. ಮೊದಲ ಸಲ ತಗಡಿನ ಡಬ್ಬಿ ಬಂದಿತು, ಮೂರನೆಯ ಸಲ ವಿಂಡ್ಲಾಸೇ ಬಂದಿತು, ಆದರೆ ನಮ್ಮದಲ್ಲ; ಯಾವ ಕಾಲದಲ್ಲಿ ಯಾರು ಬೀಳಿಸಿದ್ದೋ, ತುಕ್ಕು ಹಿಡಿದು ಚಕ್ಕೆ ಏಳುತ್ತಿತ್ತು. ತಿಕ್ಕಿ ನೋಡಿದರೆ ಹಿಡಿಯುವ ಚೌಕ ಇನ್ನೂ ಸರಿಯಾಗಿತ್ತು. ವಾರವೆಲ್ಲ ಅದರಿಂದಲೇ ಕೆಲಸ ನಡೆಯಿತು.

ಈ ಕಾಲುವೆಯ ವಿಶೇಷವೊಂದನ್ನು ನಾನು ಲಾಕಿನ ಬಾಯಲ್ಲಿ ಪೆಟ್ಟು ತಿಂದೇ ಕಲಿತೆ. ಬ್ರಿಟನ್ನಿನ ಬಹುತೇಕ ದೋಣಿ ಕಾಲುವೆಗಳಲ್ಲಿ ನೀರು ನಿಂತಂತೆಯೇ ಇರುತ್ತದೆ. ಲ್ಯಾಂಗೊಲೆನ್ ಹಾಗಲ್ಲ, ಅದು ಹರಿಯುತ್ತದೆ. ಆ ಹರಿವು ಪ್ರತಿ ಲಾಕಿನ ಪಕ್ಕದಲ್ಲಿ ತೋಡಿದ ಬಳಸುಗಾಲುವೆಯಿಂದ ಇಳಿದು, ಲಾಕಿನ ಕೆಳಗಿನ ಬಾಗಿಲಿನ ಹತ್ತಿರ ಅಡ್ಡಲಾಗಿ ಬಂದು ಸೇರುತ್ತದೆ. ಮೂತಿಯನ್ನು ನೇರವಾಗಿಯೇ ಹಿಡಿದು ಬಂದರೂ ಕಡೆಯ ಹತ್ತು ಅಡಿಯಲ್ಲಿ ಆ ನೀರು ಪಕ್ಕದಿಂದ ತಳ್ಳಿ ದೋಣಿಯನ್ನು ಗೋಡೆಗೆ ಬಡಿಸುತ್ತದೆ. ನಾಲ್ಕು ಲಾಕುಗಳಲ್ಲಿ ನಾಲ್ಕು ಸಲ ಒಳಗಿನ ಪಾತ್ರೆಗಳು ನೆಲಕ್ಕೆ ಉರುಳಿದವು. ನನ್ನ ಹೆಂಡತಿ ಒಲೆಯ ಮೇಲೆ ಮುದ್ದೆ ತಿರುವುತ್ತಿದ್ದಾಗಲೇ ಐದನೆಯದೂ ಆಯಿತು. ಅಂದು ಅವಳು ಹೇಳಿದ ಮಾತನ್ನು ಪತ್ರಿಕೆಗೆ ಬರೆಯಲಾಗದು. ಹರಿವು ಬರುವ ಕಡೆಗೆ ಮೊದಲೇ ಸ್ವಲ್ಪ ಓರೆಯಾಗಿ ಗುರಿ ಇಟ್ಟು, ವೇಗವನ್ನು ತುಸು ಹೆಚ್ಚಿಸಿ ಒಳಗೆ ನುಗ್ಗಬೇಕೆಂಬುದನ್ನು ಗ್ರಿಂಡ್ಲಿ ಬ್ರೂಕಿನಲ್ಲಿ ಲಾಕ್ ಕಾಯುವ ಸ್ವಯಂಸೇವಕರೊಬ್ಬರು ಹೇಳಿಕೊಟ್ಟರು.

ಗ್ರಿಂಡ್ಲಿ ಬ್ರೂಕಿನಲ್ಲಿ ಆರು ಲಾಕುಗಳಿವೆ. ಮೊದಲ ಮೂರು ಬಿಡಿಬಿಡಿಯಾಗಿದ್ದು, ಮೇಲಿನ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಒಂದರ ಮೇಲಿನ ಬಾಗಿಲೇ ಮುಂದಿನದರ ಕೆಳಗಿನ ಬಾಗಿಲು. ಏರುವಾಗ ಕೆಳಗಿನ ಕೋಣೆ ಖಾಲಿ ಇದ್ದು ಮೇಲಿನವು ತುಂಬಿರಬೇಕು, ಇಳಿಯುವಾಗ ಇದಕ್ಕೆ ತಿರುಗಾಮುರುಗಾ. ಲೆಕ್ಕ ತಪ್ಪಿದರೆ ಒಂದೋ ನೀರು ಅಂಚು ಮೀರಿ ಹರಿಯುತ್ತದೆ, ಇಲ್ಲವೇ ದೋಣಿ ನೆಲ ಕಚ್ಚುತ್ತದೆ. ಬೇಸಿಗೆಯಲ್ಲಿ ಇಲ್ಲಿ ದೋಣಿಗಳ ಸಾಲು ನಿಲ್ಲುತ್ತದೆ. ನಾವು ಎರಡು ಗಂಟೆ ಕಾದೆವು. ಯಾರೂ ಹಾರ್ನ್ ಹೊಡೆಯಲಿಲ್ಲ, ಯಾರೂ ಮುಂದೆ ನುಗ್ಗಲಿಲ್ಲ, ತಮ್ಮ ಸರದಿ ಬರದವರೂ ಬಂದು ಬೇರೆಯವರ ದೋಣಿಗೆ ಬಾಗಿಲು ತಳ್ಳಿದರು. ಕಾದಿರುವಾಗ ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆ. 72 ಅಡಿ ಉದ್ದ, 7 ಅಡಿ ಅಗಲದ ಲಾಕಿನಲ್ಲಿ ದೋಣಿ 7 ಅಡಿ ಏರಬೇಕಾದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಬೇಕು. ಬೆಂಗಳೂರಿನ ಬಡಾವಣೆಗಳಿಗೆ ಬರುವ 6 ಸಾವಿರ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಹದಿನಾರು ಹದಿನೇಳು ಟ್ಯಾಂಕರ್. ಆದ್ದರಿಂದಲೇ ಒಂದು ದೋಣಿ ಮೇಲೆ ಹೋದ ಬಳಿಕ, ತುಂಬಿದ ಲಾಕಿಗೆ ಮೇಲಿನಿಂದ ಇಳಿಯುವ ದೋಣಿ ಬರುವ ತನಕ ಸಾಧ್ಯವಾದರೆ ಕಾಯುತ್ತಾರೆ. ಅದೇ ನೀರಿನಲ್ಲಿ ಎರಡು ಕೆಲಸ ಆಗುತ್ತದೆ. ಮಳೆ ಕಡಿಮೆಯಾದ ಬೇಸಿಗೆಗಳಲ್ಲಿ ಬ್ರಿಟನ್ನಿನ ಎಷ್ಟೋ ಕಾಲುವೆಗಳಲ್ಲಿ ಲಾಕ್ ತೆರೆಯುವ ಗಂಟೆಗಳನ್ನೇ ಮೊಟಕು ಮಾಡಬೇಕಾಗುತ್ತದೆ. ಸರದಿಯ ಮೇಲೆ ನಾಲೆಗೆ ನೀರು ಬಿಡುವ ಕಟ್ಟು ನೀರು ಪದ್ಧತಿಯನ್ನು ಕಂಡ ನಮಗೆ ಇದು ಹೊಸದಲ್ಲ.

ಗ್ರಿಂಡ್ಲಿ ಬ್ರೂಕ್ ದಾಟಿದ ಮೇಲೆ ಲಾಕುಗಳ ಗದ್ದಲ ಬಹುಪಾಲು ಮುಗಿಯುತ್ತದೆ. ವಿಕ್ಸಲ್ ಜವುಗುನೆಲ, ಎಲ್ಸ್‌ಮಿಯರ್ ಸುತ್ತಲಿನ ಸರೋವರಗಳು, ಕಾಡಿನ ನೆರಳು. ಬ್ಲೇಕ್ ಮಿಯರ್ ಎಂಬ ಕೆರೆಗೂ ಕಾಲುವೆಗೂ ನಡುವೆ ಇರುವುದು ಮರಗಳ ತೆಳ್ಳನೆಯ ಸಾಲು ಮಾತ್ರ. ಅಲ್ಲಿಯೇ ಒಂದು ರಾತ್ರಿ ದೋಣಿ ಕಟ್ಟಿದೆವು. ಜೂನ್ ತಿಂಗಳಲ್ಲಿ ಅಲ್ಲಿ ಬೆಳಿಗ್ಗೆ ಐದಕ್ಕೆ ಮುಂಚೆಯೇ ಬೆಳಕಾಗುತ್ತದೆ, ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗುತ್ತಾನೆ. ಊಟ ಮುಗಿಸಿ, ಪಾತ್ರೆ ತೊಳೆದು, ಏರಿಯ ಮೇಲೆ ಒಂದು ಮೈಲಿ ನಡೆದು ಬಂದರೂ ಇನ್ನೂ ಓದುವಷ್ಟು ಬೆಳಕಿತ್ತು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿಂಭಾಗದಲ್ಲಿ ನಿಂತಿದ್ದಾಗ ನೀರಿನ ಮೇಲೆ ನೀಲಿ ಗೆರೆಯೊಂದು ಎಳೆದಂತೆ ಹೋಯಿತು. ಮಿಂಚುಳ್ಳಿ. ನಮ್ಮ ನಾಲೆಯ ತೂಬಿನ ಮೇಲೆ ಕೂರುತ್ತದಲ್ಲ, ಅದೇ ಜಾತಿ. ಇಷ್ಟು ದೂರ ಬಂದು ಪರಿಚಯದವರೊಬ್ಬರು ಸಿಕ್ಕಂತಾಯಿತು.

ಚರ್ಕ್ ಊರಿನ ಬಳಿ ಕಾಲುವೆ ಕೇರಿಯಾಗ್ ನದಿಯನ್ನು 1801ರ ಕಲ್ಲಿನ ಮೇಲ್ಗಾಲುವೆಯ (ಕಾಲುವೆಯನ್ನು ಹೊತ್ತ ಸೇತುವೆಯ) ಮೂಲಕ ದಾಟಿ, ಇಂಗ್ಲೆಂಡಿನಿಂದ ವೇಲ್ಸಿಗೆ ಹೋಗುತ್ತದೆ. ಪಕ್ಕದಲ್ಲಿಯೇ, ಅದಕ್ಕಿಂತ ಎತ್ತರದಲ್ಲಿ, ನಾಲ್ಕು ದಶಕದ ಮೇಲೆ ಬಂದ ರೈಲಿನ ಸೇತುವೆ ನಿಂತಿದೆ. ಕಾಲುವೆಗಳ ಕಾಲ ಮುಗಿಯಿತೆಂದು ಹೇಳಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಮೇಲ್ಗಾಲುವೆ ದಾಟಿದೊಡನೆ 421 ಮೀಟರ್ ಉದ್ದದ ಸುರಂಗ. ವಿಶ್ವೇಶ್ವರಯ್ಯ ನಾಲೆ ಹಾದುಹೋಗುವ ನಮ್ಮ ಹುಲಿಕೆರೆ ಸುರಂಗದ ಮುಂದೆ ಅದೊಂದು ಮರಿ. ಆದರೆ ಹುಲಿಕೆರೆಯೊಳಗೆ ನಾನು ದೋಣಿ ಹತ್ತಿ ಹೋದವನಲ್ಲ. ಇಲ್ಲಿ ದೀಪ ಹಚ್ಚಿಕೊಂಡು, ಎದುರಿನಿಂದ ಇನ್ನೊಂದು ದೀಪ ಕಾಣುತ್ತಿಲ್ಲವಷ್ಟೆ ಎಂದು ನೋಡಿಕೊಂಡು, ಮೇಲಿಂದ ಕತ್ತಿನ ಮೇಲೆ ಹನಿ ಬೀಳುತ್ತಿರುವಾಗ ಹೋಗುವುದು ಬೇರೆಯೇ ಅನುಭವ.

ಪಾಂಟ್‌ಕಸಿಲ್ತೆ ಮೇಲ್ಗಾಲುವೆಯ ಚಿತ್ರವನ್ನು ನೀವು ಪ್ರಕಟಿಸಿದ್ದೀರಿ. ಅದರ ಎಂಜಿನಿಯರಿಂಗ್ ಬಗ್ಗೆ ಒಂದು ಸಾಲೂ ಇರಲಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ 1795ರಲ್ಲಿ ಆರಂಭಿಸಿದ ಈ ಕೆಲಸ ಮುಗಿದು ಕಾಲುವೆ ತೆರೆದದ್ದು 1805ರ ನವೆಂಬರ್ 26ರಂದು. ಡೀ ನದಿಯ ಕಣಿವೆಗೆ ಅಡ್ಡಲಾಗಿ 18 ಕಲ್ಲಿನ ಕಂಬಗಳು, 19 ಕಮಾನುಗಳು, ಉದ್ದ 307 ಮೀಟರ್, ನದಿಯಿಂದ ಎತ್ತರ 38 ಮೀಟರ್. ಅಷ್ಟು ಎತ್ತರದಲ್ಲಿ ಜೇಡಿಮಣ್ಣು ಮೆತ್ತಿದ ಕಲ್ಲಿನ ಕಾಲುವೆ ಕಟ್ಟಿದರೆ ಕಂಬಗಳು ಆ ಭಾರಕ್ಕೆ ತಡೆಯುವುದಿಲ್ಲವೆಂದು, ಎರಕದ ಕಬ್ಬಿಣದ ತಗಡುಗಳನ್ನು ಬೋಲ್ಟು ಹಾಕಿ ಜೋಡಿಸಿ ಒಂದು ದೋಣಿಯಂಥ ತೊಟ್ಟಿಯನ್ನು ಕಂಬಗಳ ಮೇಲಿಟ್ಟಿದ್ದಾರೆ. ಕಂಬಗಳೂ ಸುಮಾರು 21 ಮೀಟರಿನಿಂದ ಮೇಲಕ್ಕೆ ಒಳಗೆ ಪೊಳ್ಳು. ನನ್ನನ್ನು ಬೆರಗುಗೊಳಿಸಿದ್ದು ಎತ್ತರಕ್ಕಿಂತ ಹೆಚ್ಚಾಗಿ ಒಂದು ಸಣ್ಣ ಉಪಾಯ. ಇಕ್ಕಟ್ಟಾದ ತೊಟ್ಟಿಯಲ್ಲಿ ದೋಣಿ ಮುಂದೆ ಹೋದರೆ ಎದುರಿನ ನೀರಿಗೆ ಹಿಂದಕ್ಕೆ ಬರಲು ದಾರಿ ಇರುವುದಿಲ್ಲ. ದೋಣಿ ಪಿಸ್ಟನ್ನಿನಂತೆ ನೀರನ್ನೇ ತಳ್ಳುತ್ತ ಏದುತ್ತದೆ. ಆದ್ದರಿಂದ ತೊಟ್ಟಿಯನ್ನು ಸುಮಾರು 3.6 ಮೀಟರ್ ಅಗಲವಾಗಿ ಮಾಡಿ, ನಡೆಯುವ ದಾರಿಯನ್ನು ತೊಟ್ಟಿಯೊಳಗೇ, ನೀರಿನ ಮೇಲೆ ಊರುಗಾಲು ಕೊಟ್ಟು ಎತ್ತಿ ನಿಲ್ಲಿಸಿದ್ದಾರೆ. ದೋಣಿ ತಳ್ಳಿದ ನೀರು ನಡೆಯುವವರ ಕಾಲಿನ ಕೆಳಗಿನಿಂದ ಹಿಂದಕ್ಕೆ ಹರಿದು ಬರುತ್ತದೆ. ಇನ್ನೂರು ವರ್ಷ ದಾಟಿದರೂ ಆ ತೊಟ್ಟಿ ನೀರು ಹಿಡಿದು ನಿಂತಿದೆ. 2009ರಲ್ಲಿ ಯುನೆಸ್ಕೊ ಇದನ್ನೂ ಇದರ ಸುತ್ತಲಿನ 18 ಕಿಲೋಮೀಟರ್ ಕಾಲುವೆಯನ್ನೂ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದೆ.

ನಡೆಯುವ ದಾರಿಯ ಕಡೆ ಕಬ್ಬಿಣದ ಕಟಕಟೆ ಇದೆ. ಇನ್ನೊಂದು ಕಡೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿನಿಂದ ಒಂದು ಗೇಣು ಮೇಲಿರಬಹುದು, ಅಷ್ಟೇ; ದೋಣಿಯಲ್ಲಿ ನಿಂತವರಿಗೆ ಆ ಅಂಚೂ ಕಾಣುವುದಿಲ್ಲ. ನಾನು ಕಣ್ಣನ್ನು ದೋಣಿಯ ಮೂತಿಗೆ ಕೀಲಿಸಿ, ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ. ಭಯ ಬೀಳುತ್ತಾಳೆಂದು ಒಳಗೆ ಕೂರಲು ಹೇಳಿದ್ದ ನನ್ನ ಹೆಂಡತಿ ಮುಂಭಾಗಕ್ಕೆ ಹೋಗಿ ನಿಂತು, ಮರಗಳ ನೆತ್ತಿಯನ್ನು ಮೇಲಿನಿಂದ ನೋಡುತ್ತ, ಹೊಳೆ ಎಷ್ಟು ಸಣ್ಣದಾಗಿ ಕಾಣುತ್ತದೆ ನೋಡಿ, ನೋಡಿ ಎಂದು ಕೂಗುತ್ತಿದ್ದಳು. ನಾನು ನೋಡಲಿಲ್ಲ. ಹಿಂದಿರುಗುವಾಗ ಹಿಡಿಯನ್ನು ಅಳಿಯನ ಕೈಗೆ ಕೊಟ್ಟು ನೋಡಿದೆ.

ಅಲ್ಲಿಂದ ಲ್ಯಾಂಗೊಲೆನ್ ತನಕ ಕಾಲುವೆ ಬೆಟ್ಟದ ಮಗ್ಗುಲಿಗೆ ಅಂಟಿಕೊಂಡು ಕಿರಿದಾಗುತ್ತದೆ. ಕೆಲವೆಡೆ ಒಂದೇ ದೋಣಿ ಹೋಗುವಷ್ಟು ಜಾಗ. ಒಬ್ಬರು ದಡದ ಮೇಲೆ ಮುಂದೆ ಓಡಿ, ಎದುರಿಗೆ ದೋಣಿ ಬರುತ್ತಿಲ್ಲವೆಂದು ಕೈ ಸನ್ನೆ ಮಾಡಬೇಕು. ಆ ಕೆಲಸಕ್ಕೆ ಮೊಮ್ಮಗ ಹುಟ್ಟಿಯೇ ಬಂದವನಂತೆ ಇದ್ದ. ಈ ಭಾಗ ಇಷ್ಟು ಕಿರಿದಾಗಿರುವುದಕ್ಕೂ ಕಾಲುವೆ ಹರಿಯುವುದಕ್ಕೂ ಕಾರಣ ಒಂದೇ. ಮರ್ಸಿ, ಡೀ, ಸೆವರ್ನ್ ನದಿಗಳನ್ನು ಜೋಡಿಸಬೇಕಿದ್ದ ಎಲ್ಸ್‌ಮಿಯರ್ ಕಾಲುವೆಯ (ಈಗಿನ ಲ್ಯಾಂಗೊಲೆನ್ ಕಾಲುವೆ ಅದರದೇ ಭಾಗ) ಮುಖ್ಯಮಾರ್ಗ ಪಾಂಟ್‌ಕಸಿಲ್ತೆಯಿಂದ ಉತ್ತರಕ್ಕೆ ಪೂರ್ಣವಾಗಲೇ ಇಲ್ಲ. ಅಷ್ಟು ದೊಡ್ಡ ಮೇಲ್ಗಾಲುವೆ ಕಟ್ಟಿದ ಮೇಲೆ ಅದಕ್ಕೆ ನೀರು ಬೇಡವೇ? ಲ್ಯಾಂಗೊಲೆನ್‌ನಿಂದ ಮೇಲೆ, ಲ್ಯಾಂಟಿಸಿಲಿಯೊದಲ್ಲಿ ಡೀ ನದಿಗೆ ಟೆಲ್ಫರ್ಡ್ 140 ಮೀಟರ್ ಉದ್ದದ, ಲಾಳದಂತೆ ಬಾಗಿದ ಅಣೆಯೊಂದನ್ನು ಕಟ್ಟಿ 1808ರಲ್ಲಿ ನೀರು ತಿರುಗಿಸಿದ. ಎಂದರೆ ನಾವು ಹೋಗುತ್ತಿದ್ದುದು ನೀರು ತರಲೆಂದು ತೋಡಿದ ಪೂರಕ ನಾಲೆಯಲ್ಲಿ. ಯಂತ್ರದ ದೋಣಿಗಳು ಲ್ಯಾಂಗೊಲೆನ್ ಆಚೆಗೆ ಹೋಗುವಂತಿಲ್ಲ. 1884ರಿಂದ ಪ್ರವಾಸಿಗರನ್ನು ಒಯ್ಯುತ್ತಿರುವ ಕುದುರೆ ಎಳೆಯುವ ದೋಣಿಗಳಷ್ಟೇ ಹೋಗುತ್ತವೆ. ನಾವು ಏರಿಯ ಮೇಲೆ ನಡೆದೇ ಹೋದೆವು. ಶ್ರೀರಂಗಪಟ್ಟಣದ ಸುತ್ತ ಬಂಗಾರದೊಡ್ಡಿ, ವಿರಿಜಾ ನಾಲೆಗಳ ಹಳೆಯ ಅಣೆಗಳನ್ನು ಕಂಡವರಿಗೆ ಈ ಅಣೆಯ ಮುಂದೆ ನಿಂತರೆ ಏನೂ ವಿವರಿಸಬೇಕಾಗಿಲ್ಲ. ಎತ್ತರವಿಲ್ಲ, ಆರ್ಭಟವಿಲ್ಲ, ನದಿಯ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದಂತೆ ಇರುತ್ತದೆ.

ಆ ನೀರೇ ಕಾಲುವೆಯನ್ನು ಉಳಿಸಿತು. 1944ರಲ್ಲಿ, ಆಗ ಕಾಲುವೆಯ ಒಡೆತನವಿದ್ದ ರೈಲ್ವೆ ಕಂಪನಿ ಕಾಯಿದೆಯ ಮೂಲಕ ಇಲ್ಲಿ ದೋಣಿ ಸಂಚಾರದ ಹೊಣೆಯನ್ನು ಕಳಚಿಕೊಂಡಿತು. ಬೇರೆ ಎಷ್ಟೋ ಕಾಲುವೆಗಳು ಹೂಳು ತುಂಬಿ, ಮುಚ್ಚಿಹೋಗಿ, ಮನೆಗಳ ಹಿತ್ತಿಲಾದವು. ಇದು ಹಾಗಾಗಲಿಲ್ಲ, ಏಕೆಂದರೆ ಡೀ ನದಿಯ ನೀರು ಇದೇ ಕಾಲುವೆಯಲ್ಲಿ ಹರಿದು ಹರ್ಲ್‌ಸ್ಟನ್ ಜಲಾಶಯ ಸೇರಿ, ಚೆಷೈರ್ ಸೀಮೆಯ ಮನೆಗಳಿಗೆ ಕುಡಿಯುವ ನೀರಾಗುತ್ತದೆ. ಈಗ ದಿನಕ್ಕೆ ಸುಮಾರು 5 ಕೋಟಿ ಲೀಟರಿನಷ್ಟು. ನೀರಿಗಾಗಿ ಏರಿ ಕಾಯ್ದುಕೊಂಡು ಬಂದದ್ದರಿಂದ ದೋಣಿಯವರಿಗೆ ದಾರಿ ಉಳಿಯಿತು. 1946ರಲ್ಲಿ ರಾಬರ್ಟ್ ಐಕ್‌ಮನ್, ಟಾಮ್ ರೋಲ್ಟ್ ಮೊದಲಾದವರು ಸೇರಿ ಒಳನಾಡಿನ ಜಲಮಾರ್ಗಗಳ ಸಂಘ ಕಟ್ಟಿ ಹೋರಾಡಿದ್ದು, 1968ರ ಸಾರಿಗೆ ಕಾಯಿದೆಯಲ್ಲಿ ವಿಹಾರದ ಕಾಲುವೆಗಳೆಂಬ ವರ್ಗವೇ ಆದದ್ದು, 2012ರಿಂದ ಸರ್ಕಾರದ ಬದಲು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಾರ್ಥ ಸಂಸ್ಥೆ ಸುಮಾರು 3,200 ಕಿಲೋಮೀಟರ್ ಜಲಮಾರ್ಗಗಳನ್ನು ನೋಡಿಕೊಳ್ಳುತ್ತಿರುವುದು, ಇವೆಲ್ಲ ಆಮೇಲಿನ ಕತೆ. ನಿಮ್ಮ ಲೇಖಕರು ಕಂಡ ಸೊಬಗಿನ ಕೆಳಗೆ ಒಂದು ನೀರು ಸರಬರಾಜು ಯೋಜನೆ ಹರಿಯುತ್ತಿದೆ ಎಂಬುದನ್ನು ಹೇಳದೆ ಬಿಟ್ಟರೆ ಅರ್ಧ ಕತೆಯನ್ನೇ ಬಿಟ್ಟಂತೆ.

ನಮ್ಮ ನಾಲೆಗಳಲ್ಲಿ ಏಕೆ ಆಗಬಾರದೆಂಬ ಪ್ರಶ್ನೆಗೆ ಉತ್ತರ ಚಿಕ್ಕದು. ದೋಣಿ ಕಾಲುವೆ ಮಟ್ಟಸವಾಗಿ ಸಾಗಿ, ಇಳಿಜಾರನ್ನೆಲ್ಲ ಲಾಕುಗಳಲ್ಲಿ ಇಳಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯನ್ನು ಗದ್ದೆಗೆ ನೀರು ಬೇಗ ತಲುಪಲೆಂದು ತೋಡಿರುವುದರಿಂದ ಅದು ಉದ್ದಕ್ಕೂ ಇಳಿಜಾರಿನಲ್ಲಿ ಓಡುತ್ತದೆ, ಅಲ್ಲಲ್ಲಿ ಡ್ರಾಪುಗಳಲ್ಲಿ ಧುಮುಕುತ್ತದೆ, ಲಾಕುಗಳಿಲ್ಲ, ಹತ್ತಿ ಇಳಿಯಲು ದಡವಿಲ್ಲ. ಸರದಿಯ ಮೇಲೆ ನೀರು ಬಿಟ್ಟಾಗಲೂ ಕಡೆಭಾಗದ ರೈತರಿಗೆ ಮುಟ್ಟುವುದು ಕಷ್ಟ, ಉಳಿದ ದಿನಗಳಲ್ಲಿ ನಾಲೆ ಬತ್ತಿರುತ್ತದೆ. ಇದೇ ನಾಲೆಗೆ 2018ರ ನವೆಂಬರಿನಲ್ಲಿ ಕನಗನಮರಡಿ ಬಳಿ ಬಸ್ಸು ಉರುಳಿ 30 ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಮೊದಲು ಬೇಕಾಗಿರುವುದು ತಡೆಗೋಡೆ. ವಿಹಾರದ ಮಾತು ಆಮೇಲೆ.

ಮಕ್ಕಳನ್ನು ನೋಡಲು ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗುವ ನಮ್ಮ ಹಿರಿಯರು ಲಂಡನ್ನಿನ ಬಸ್ಸಿನಲ್ಲಿ ಕುಳಿತು ಮೂರು ದಿನ ಓಡುವುದಕ್ಕಿಂತ ಇದನ್ನು ಆರಿಸಿಕೊಳ್ಳಲಿ ಎಂದೇ ನನ್ನ ಆಸೆ. ಜುಲೈ ಕೊನೆಯಿಂದ ಆಗಸ್ಟ್ ತನಕ ಅಲ್ಲಿನ ಶಾಲೆಗಳಿಗೆ ರಜೆ, ಆಗ ಬಾಡಿಗೆಯೂ ಹೆಚ್ಚು, ಲಾಕುಗಳ ಮುಂದೆ ಸಾಲೂ ಉದ್ದ. ಮೇ, ಜೂನ್ ಒಳ್ಳೆಯದು. ನವೆಂಬರಿನಿಂದ ಮಾರ್ಚ್ ತನಕ ಬಾಗಿಲುಗಳ ದುರಸ್ತಿಗೆಂದು ಅಲ್ಲಲ್ಲಿ ಕಾಲುವೆ ಮುಚ್ಚಿರುತ್ತಾರೆ. ಮಂಡಿ ನೋವಿದ್ದವರಿಗೆ ದೋಣಿಯ ಕಡಿದಾದ ಮೆಟ್ಟಿಲುಗಳು ಕಷ್ಟ. ಲಾಕ್ ತಳ್ಳುವ ಶಕ್ತಿಯಿರುವ ಇಬ್ಬರಾದರೂ ಜೊತೆಗಿರಬೇಕು. ಜೂನ್ ತಿಂಗಳಲ್ಲಿಯೂ ಮಳೆ ಬರುತ್ತದೆ, ಮತ್ತು ದೋಣಿ ನಡೆಸುವವರಿಗೆ ತಲೆಯ ಮೇಲೆ ಸೂರು ಇರುವುದಿಲ್ಲ. ನಾನು ಒಂದು ಮಧ್ಯಾಹ್ನವೆಲ್ಲ ನೆನೆದೆ. ದೋಣಿ ಮತ್ತು ಲಾಕಿನ ಗೋಡೆಯ ನಡುವೆ ಕೈಕಾಲು ಹಾಕಿ ದೋಣಿಯನ್ನು ತಡೆಯಲು ಯಾರೂ ಹೋಗಬಾರದು, ಮಕ್ಕಳಿಗಂತೂ ಇದನ್ನು ದಿನಕ್ಕೆ ಹತ್ತು ಸಲ ಹೇಳಬೇಕು.

ಏಳನೆಯ ಬೆಳಿಗ್ಗೆ ದೋಣಿ ಹಿಂದಿರುಗಿಸಿದಾಗ ಬಾಡಿಗೆಯವರು ಸಾಮಾನುಗಳನ್ನು ಎಣಿಸುತ್ತ, ತುಕ್ಕು ಹಿಡಿದ ವಿಂಡ್ಲಾಸನ್ನು ಕೈಗೆತ್ತಿಕೊಂಡು ನಮ್ಮ ಮುಖ ನೋಡಿದರು. ನಡೆದದ್ದನ್ನು ಹೇಳಿದೆ. ಕಳೆದುಹೋದದ್ದರ ಬೆಲೆ ತೆಗೆದುಕೊಂಡು, ಇದು ನಮ್ಮದಲ್ಲ ಎಂದು ಅದನ್ನು ಮೊಮ್ಮಗನ ಕೈಗೇ ಕೊಟ್ಟರು. ಈಗ ಮ್ಯಾಂಚೆಸ್ಟರಿನ ಮನೆಯಲ್ಲಿ ಅಡುಗೆಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅದನ್ನೇ ಅಡ್ಡ ಇಟ್ಟಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಾರ್ಯಪಾಲಕ ಎಂಜಿನಿಯರ್
ಮಂಡ್ಯ